ಹವ್ಯಾಸದ ಬಳಗದಲ್ಲಿ ಎಷ್ಟು ತೆರೆದಿಡೋಣ, ಎಷ್ಟು ಒಳಗಿಡೋಣ? ಪದೇ ಪದೇ ಕೇಳುವ ಪ್ರಶ್ನೆಗಳು

ಹಕ್ಕಿ, ಚಿಟ್ಟೆ, ಗಿಡಗಳ ಫೋಟೋ ತೆಗೆಯುವವರ ಒಂದು ಆನ್‌ಲೈನ್ ಬಳಗ ಇದೆ. ಅದನ್ನು ನೋಡಿಕೊಳ್ಳುವ ನಾಲ್ಕೈದು ಜನರಲ್ಲಿ ನಾನೂ ಒಬ್ಬ. ಹಳೆಯ ನಾಣ್ಯ ಸಂಗ್ರಹಿಸುವವರ ಇನ್ನೊಂದು ಬಳಗದಲ್ಲಿ ಬರೀ ಸದಸ್ಯ. ಎರಡೂ ಕಡೆ ಒಂದೇ ವಾದ ಮತ್ತೆ ಮತ್ತೆ ಬರುತ್ತದೆ. "ಇಷ್ಟು ಒಳ್ಳೆಯ ಮಾಹಿತಿ ಎಲ್ಲರಿಗೂ ಸಿಗಲಿ" ಎನ್ನುತ್ತಾರೆ ಅರ್ಧ ಜನ. "ನಮ್ಮ ಮಾತು ನಮ್ಮೊಳಗೇ ಇರಲಿ" ಎನ್ನುತ್ತಾರೆ ಇನ್ನರ್ಧ. ಇಬ್ಬರ ಮಾತೂ ನನಗೆ ಸರಿ ಅನಿಸುತ್ತದೆ. ಇಷ್ಟು ದಿನ ಬಿಡಿಬಿಡಿಯಾಗಿ ಕೊಟ್ಟ ಉತ್ತರಗಳನ್ನು ಇಲ್ಲಿ ಒಂದು ಕಡೆ ಬರೆದಿದ್ದೇನೆ.

ನಾವು ಮಾತಾಡೋದು ಹಕ್ಕಿ, ನಾಣ್ಯ, ಕಸೂತಿ ಬಗ್ಗೆ. ಇದರಲ್ಲಿ ಗುಟ್ಟು ಏನಿದೆ?

ಒಂದೊಂದು ಮಾತನ್ನೂ ಬಿಡಿಯಾಗಿ ನೋಡಿದರೆ ಏನೂ ಇಲ್ಲ. ಎಲ್ಲ ಸೇರಿಸಿ ನೋಡಿದರೆ ಬಹಳ ಇದೆ.

ನಾಣ್ಯದ ಬಳಗದ ಒಬ್ಬರನ್ನು ನೆನೆಸಿಕೊಳ್ಳಿ. ಹೊಸದಾಗಿ ಸಿಕ್ಕ ಚಿನ್ನದ ನಾಣ್ಯದ ಫೋಟೋ ಹಾಕುತ್ತಾರೆ. ಒಂದು ತಿಂಗಳ ಹಿಂದೆ ಮನೆಯ ಹೊಸ ಕಪಾಟಿನ ಫೋಟೋ ಹಾಕಿದ್ದರು, ಅದರಲ್ಲಿ ಕಿಟಕಿಯಾಚೆಯ ಬೀದಿ ಕಾಣುತ್ತದೆ. ಈ ವಾರ "ಹತ್ತು ದಿನ ಪ್ರವಾಸ, ಉತ್ತರ ತಡವಾಗುತ್ತದೆ, ಕ್ಷಮಿಸಿ" ಎಂದು ಬರೆಯುತ್ತಾರೆ. ಮೂರೂ ಸಹಜವಾದ ಮಾತು, ಸ್ನೇಹದಿಂದ ಹೇಳಿದ್ದು. ಆದರೆ ಮೂರನ್ನೂ ಓದುವ ಅಪರಿಚಿತನಿಗೆ ಏನು ಇದೆ, ಎಲ್ಲಿದೆ, ಯಾವಾಗ ಮನೆ ಖಾಲಿ ಎನ್ನುವುದೆಲ್ಲ ಗೊತ್ತಾಗುತ್ತದೆ.

ಹೆಸರೇ ಇಲ್ಲದಿದ್ದರೂ ಹೀಗಾಗುತ್ತದೆ. ಓಟ, ಸೈಕಲ್ ಹವ್ಯಾಸದವರು ಬಳಸುವ ಸ್ಟ್ರಾವಾ ಆ್ಯಪ್ 2017ರ ನವೆಂಬರ್‌ನಲ್ಲಿ ಜಗತ್ತಿನ ಒಂದು ನಕ್ಷೆ ಹೊರತಂದಿತು. ಜನ ಎಲ್ಲೆಲ್ಲಿ ಓಡುತ್ತಾರೋ ಅಲ್ಲಿ ಬೆಳಕಿನ ಗೆರೆ. ಅದರಲ್ಲಿ ಯಾರ ಹೆಸರೂ ಇರಲಿಲ್ಲ. 2018ರ ಜನವರಿಯಲ್ಲಿ ಒಬ್ಬ ವಿದ್ಯಾರ್ಥಿ ಅದನ್ನು ನೋಡುತ್ತಾ, ಮರುಭೂಮಿಯ ಕತ್ತಲಲ್ಲಿ ಒಂದೆರಡು ಕಡೆ ಮಾತ್ರ ಗೆರೆಗಳು ಹೊಳೆಯುವುದನ್ನು ಗಮನಿಸಿದ. ಅವು ಸೇನೆಯ ನೆಲೆಗಳು. ಬೆಳಗಿನ ವ್ಯಾಯಾಮಕ್ಕೆ ಓಡಿದ ಸೈನಿಕರೇ ತಮ್ಮ ನೆಲೆಯ ಸುತ್ತ ಗೆರೆ ಎಳೆದುಕೊಟ್ಟಿದ್ದರು. ಅವರಿಗೆ ಅದು ಬರೀ ಓಟ.

ಹಾಗಿದ್ರೆ ಎಲ್ಲವನ್ನೂ ಮುಚ್ಚಿಬಿಟ್ಟರೆ ಒಳ್ಳೇದಲ್ವಾ?

ನನಗೆ ಹಾಗನಿಸುವುದಿಲ್ಲ. ನಾನು ಈ ಹವ್ಯಾಸ ಕಲಿತದ್ದೇ ಯಾರೋ ತೆರೆದಿಟ್ಟ ಮಾತುಗಳಿಂದ. ಮಧ್ಯರಾತ್ರಿ ಲೆನ್ಸ್ ಒಳಗೆ ಫಂಗಸ್ ಕಂಡು ಗಾಬರಿಯಾಗಿ ಹುಡುಕಿದಾಗ, ಹತ್ತು ವರ್ಷ ಹಿಂದೆ ಯಾರೋ ಬರೆದಿಟ್ಟ ಉತ್ತರ ಸಿಕ್ಕಿತು. ಅವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆ ಉತ್ತರ ಯಾವುದೋ ಬಾಗಿಲಿನ ಹಿಂದೆ ಇದ್ದಿದ್ದರೆ ನಾನು ಕ್ಯಾಮೆರಾ ಮಾರಿಬಿಡುತ್ತಿದ್ದೆ.

ಹವ್ಯಾಸಿಗಳು ತೆರೆದಿಟ್ಟದ್ದು ವಿಜ್ಞಾನಕ್ಕೂ ಬೇಕಾಗಿದೆ. 2002ರಲ್ಲಿ ಶುರುವಾದ ಇಬರ್ಡ್ ಎಂಬ ಜಾಲತಾಣದಲ್ಲಿ ಸಾಮಾನ್ಯ ಜನ ಬರೆದಿಟ್ಟ ಹಕ್ಕಿಗಳ ಪಟ್ಟಿಯನ್ನು ಇವತ್ತು ಸಂಶೋಧಕರು ಬಳಸುತ್ತಾರೆ. 2007ರಲ್ಲಿ ಗೆಲಾಕ್ಸಿ ಝೂ ಯೋಜನೆ ದೂರದ ಗೆಲಾಕ್ಸಿಗಳ ಚಿತ್ರಗಳನ್ನು ಎಲ್ಲರ ಮುಂದೆ ಇಟ್ಟಿತು. ನೆದರ್‌ಲೆಂಡ್ಸ್‌ನ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ ಅದರಲ್ಲೊಂದು ವಿಚಿತ್ರ ಹೊಳಪನ್ನು ನೋಡಿ "ಇದೇನು?" ಎಂದು ಕೇಳಿದರು. ಖಗೋಳ ವಿಜ್ಞಾನಿಗಳಿಗೆ ಅದು ಹೊಸ ವಸ್ತುವಾಗಿತ್ತು. ಚಿತ್ರಗಳನ್ನು ತಜ್ಞರಿಗಷ್ಟೇ ಕೊಟ್ಟಿದ್ದರೆ ಹ್ಯಾನಿ ಅದನ್ನು ನೋಡುತ್ತಲೇ ಇರಲಿಲ್ಲ.

ಪೂರ್ತಿ ಮುಚ್ಚಿದ ಬಳಗಕ್ಕೆ ಇನ್ನೊಂದು ಅಪಾಯ ಇದೆ. ಅದು ಸತ್ತರೆ ಏನೂ ಉಳಿಯುವುದಿಲ್ಲ. ಆನ್‌ಲೈನ್ ಗುಂಪುಗಳಿಗೆ ಜಾಗ ಕೊಡುತ್ತಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಪೂರ್ತಿ ಬಾಗಿಲು ಹಾಕಿತು. ಹೊಲಿಗೆ, ರೇಡಿಯೋ, ವಂಶಾವಳಿ ಹೀಗೆ ಸಾವಿರಾರು ಹವ್ಯಾಸಗಳ ಮಾತುಕತೆ ಅಲ್ಲಿತ್ತು. ಹೊರಗೆ ಕಾಣುತ್ತಿದ್ದ ಒಂದಷ್ಟನ್ನು ಸ್ವಯಂಸೇವಕರು ಓಡಾಡಿ ಉಳಿಸಿಕೊಂಡರು. ಮುಚ್ಚಿದ ಗುಂಪುಗಳೊಳಗೆ ಹೋಗುವುದು ಅವರಿಗೆ ಸುಲಭವಿರಲಿಲ್ಲ.

ಸರಿ, ಗೆರೆ ಎಲ್ಲಿ ಎಳೆಯೋದು?

ನಮ್ಮ ಬಳಗದಲ್ಲಿ ಬಹಳ ಚರ್ಚೆಯಾದ ಮೇಲೆ ಉಳಿದ ಮಾತು ಇದು: ವಿಷಯ ಎಲ್ಲರಿಗೆ, ವ್ಯಕ್ತಿ ಬಳಗಕ್ಕೆ.

ಈ ಚಿಟ್ಟೆ ಯಾವುದು, ಯಾವ ಗಿಡದ ಮೇಲೆ ಮೊಟ್ಟೆ ಇಡುತ್ತದೆ, ಯಾವ ತಿಂಗಳು ಕಾಣುತ್ತದೆ, ಯಾವ ಲೆನ್ಸ್ ಸಾಕು. ಇದು ವಿಷಯ, ಹೊರಗೆ ಇರಲಿ. ಯಾರು ಕೇಳಿದರು, ಅವರ ಫೋನ್ ನಂಬರ್ ಏನು, ಯಾವಾಗ ಎಲ್ಲಿಗೆ ಹೊರಟಿದ್ದಾರೆ, ಯಾರ ಮೊಣಕಾಲು ನೋಯುತ್ತಿದೆ. ಇದು ಒಳಗೆ.

ಹೇಳುವುದು ಸುಲಭ. ಒಂದೇ ಉತ್ತರದಲ್ಲಿ ಎರಡೂ ಹೆಣೆದುಕೊಂಡಿರುತ್ತವೆ. "ಆಪರೇಷನ್ ಆದಮೇಲೆ ನಡೆಯೋಕೆ ಆಗ್ತಿಲ್ಲ, ಬಾಲ್ಕನಿಯಲ್ಲೇ ಕೂತು ಹಕ್ಕಿ ನೋಡೋದು ಹೇಗೆ?" ಎಂದು ಒಬ್ಬರು ಕೇಳಿದ್ದರು. ಅದಕ್ಕೆ ಬಂದ ಉತ್ತರಗಳು ನಮ್ಮ ಬಳಗದಲ್ಲೇ ಅತಿ ಒಳ್ಳೆಯವು. ಅದನ್ನು ಹೊರಗೆ ಇಡಬೇಕು ಅಂತ ಎಲ್ಲರಿಗೂ ಆಸೆ. ಅವರನ್ನೇ ಕೇಳಿದೆವು. "ಉತ್ತರ ಇಡಿ, ನನ್ನ ಪ್ರಶ್ನೆಯನ್ನು ಬೇರೆ ಮಾತಲ್ಲಿ ಬರೆಯಿರಿ" ಎಂದರು. ಈಗ ಅದು "ಮನೆಯಿಂದ ಹೊರಗೆ ಹೋಗಲಾಗದವರು ಹಕ್ಕಿ ನೋಡುವುದು ಹೇಗೆ?" ಎಂಬ ತಲೆಬರಹದಲ್ಲಿ ಎಲ್ಲರಿಗೂ ಸಿಗುತ್ತದೆ. ಇದಕ್ಕೆ ಯಾರಾದರೂ ಕೂತು ಬರೆಯಬೇಕು, ತಿಂಗಳಿಗೆ ಒಂದಿಷ್ಟು ಹೊತ್ತು ಹೋಗುತ್ತದೆ. ಮಾತನ್ನು ಇದ್ದಂತೆಯೇ ಹೊರಗೆ ಸುರಿಯುವುದಕ್ಕಿಂತ ಈ ಕೆಲಸ ನೂರು ಪಾಲು ಮೇಲು.

ಅನುಮಾನ ಇದ್ದಾಗ ಒಳಗೇ ಇಡಿ. ಒಳಗಿದ್ದುದನ್ನು ನಾಳೆ ಹೊರಗೆ ಇಡಬಹುದು. ಹೊರಗೆ ಹೋದದ್ದು ವಾಪಸ್ ಬರುವುದಿಲ್ಲ.

ನಿಜವಾದ ಹೆಸರು ಬಿಟ್ಟು ಬೇರೆ ಹೆಸರು ಇಟ್ಟುಕೊಂಡರೆ ಸಾಕಾ?

ಒಳ್ಳೆಯ ಶುರು, ಆದರೆ ಸಾಲದು. 2006ರ ಆಗಸ್ಟ್‌ನಲ್ಲಿ ಎಒಎಲ್ ಎಂಬ ಅಮೆರಿಕದ ಇಂಟರ್‌ನೆಟ್ ಕಂಪನಿ ಸಂಶೋಧನೆಗೆ ಸಹಾಯವಾಗಲಿ ಎಂದು ಸುಮಾರು 6.5 ಲಕ್ಷ ಜನರ 2 ಕೋಟಿ ಹುಡುಕಾಟಗಳನ್ನು ಬಿಡುಗಡೆ ಮಾಡಿತು. ಹೆಸರು ತೆಗೆದು ಬರೀ ಸಂಖ್ಯೆ ಹಾಕಿತ್ತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತರು ಒಂದು ಸಂಖ್ಯೆಯ ಹುಡುಕಾಟಗಳನ್ನೇ ಓದಿ, ಆ ಮಹಿಳೆ ಯಾರು ಅಂತ ಕಂಡುಹಿಡಿದು ಅವರ ಮನೆಗೇ ಹೋದರು. ಊರಿನ ಹೆಸರು, ಮನೆತನದ ಹೆಸರು, ನಾಯಿಯ ತೊಂದರೆ, ಹೀಗೆ ಚೂರು ಚೂರು ಸೇರಿ ಮುಖ ಮೂಡಿತು.

ಹವ್ಯಾಸದಲ್ಲಿ ಇದು ಇನ್ನೂ ಸುಲಭ. ಅಪರೂಪದ ಹವ್ಯಾಸ ಇದ್ದಷ್ಟೂ ಗುರುತು ಹಿಡಿಯುವುದು ಸಲೀಸು. ಒಂದೇ ಅಡ್ಡಹೆಸರನ್ನು ಎಲ್ಲ ಕಡೆ ಬಳಸಬೇಡಿ. ಒಂದೇ ಪ್ರೊಫೈಲ್ ಫೋಟೋ ಕೂಡ ಬೇಡ. ಚಿತ್ರ ಹಾಕಿ ಹುಡುಕಿದರೆ ಉಳಿದ ಖಾತೆಗಳೆಲ್ಲ ಸಿಕ್ಕಿಬಿಡುತ್ತವೆ.

ಹಾಗಂತ ಎಲ್ಲರೂ ನಿಜವಾದ ಹೆಸರಲ್ಲೇ ಇರಬೇಕು ಎಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ಅಡ್ಡಹೆಸರಿಂದ ಕಿಡಿಗೇಡಿಗಳು ಬರುತ್ತಾರೆ ಎನ್ನುವವರು ಇದ್ದಾರೆ. ಹದ್ದು ಮೀರಿದವರನ್ನು ಹೊರಗೆ ಹಾಕಲು ಅವರ ನಿಜವಾದ ಹೆಸರು ಗೊತ್ತಿರಬೇಕಾಗಿಲ್ಲ. ಆದರೆ ಆಫೀಸಿನವರಿಗೆ, ನೆಂಟರಿಗೆ ಗೊತ್ತಾಗದಂತೆ ಒಂದು ಹವ್ಯಾಸ ಇಟ್ಟುಕೊಳ್ಳಬೇಕು ಎನ್ನುವವರು ಬಹಳ ಮಂದಿ. ಅವರನ್ನು ಕಳೆದುಕೊಳ್ಳುವುದು ನಷ್ಟ.

ಫೋಟೋದಲ್ಲಿ ಜಾಗದ ವಿವರ ಇರುತ್ತೆ ಅಂತಾರೆ. ನಿಜಾನಾ?

ನಿಜ. ಫೋನ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ಫೋಟೋ ತೆಗೆದ ದಿನ, ಗಳಿಗೆ, ಕ್ಯಾಮೆರಾ ಮಾದರಿ ಜೊತೆಗೆ ಅಕ್ಷಾಂಶ ರೇಖಾಂಶವೂ ಫೈಲಿನೊಳಗೆ ಸೇರುತ್ತದೆ. ಇದಕ್ಕೆ ಎಕ್ಸಿಫ್ ಅಂತ ಹೆಸರು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಈ ವಿವರ ಕಳಚಿಹೋಗುತ್ತದೆ. ಆದರೆ ನಮ್ಮಂಥವರು ಚಿತ್ರ ಕೆಡಬಾರದು ಅಂತ ಡಾಕ್ಯುಮೆಂಟ್ ಆಗಿ ಕಳಿಸುತ್ತೇವೆ, ಅಲ್ವಾ? ಆಗ ಎಲ್ಲವೂ ಹಾಗೇ ಹೋಗುತ್ತದೆ. ಈಮೇಲ್‌ನಲ್ಲೂ ಅಷ್ಟೇ. ಇದು ಗೊತ್ತಿಲ್ಲದೆ ನಾನೇ ಎಷ್ಟೋ ಚಿತ್ರ ಕಳಿಸಿದ್ದೇನೆ.

ಎಕ್ಸಿಫ್ ತೆಗೆದರೂ ಚಿತ್ರದ ಹಿನ್ನೆಲೆ ಮಾತಾಡುತ್ತದೆ. ಗಾಡಿ ನಂಬರ್, ಕೊರಿಯರ್ ಡಬ್ಬದ ಮೇಲಿನ ವಿಳಾಸ, ಗೋಡೆಯ ಮೇಲಿನ ಪ್ರಮಾಣಪತ್ರ, ಮಗುವಿನ ಶಾಲೆಯ ಯೂನಿಫಾರ್ಮ್. ಹಾಕುವ ಮುಂಚೆ ಒಮ್ಮೆ ದೊಡ್ಡದು ಮಾಡಿ ನಾಲ್ಕು ಮೂಲೆ ನೋಡಿ. ಗುಂಪಿನ ಭೇಟಿಯ ಫೋಟೋ ಆದರೆ, ತೆಗೆಯುವ ಮುಂಚೆಯೇ "ಹೊರಗೆ ಹೋಗುವ ಫೋಟೋ ಇದು, ಬೇಡ ಅನ್ನೋರು ಪಕ್ಕಕ್ಕೆ ಬನ್ನಿ" ಎಂದು ಹೇಳಿಬಿಡಿ. ಆಮೇಲೆ ಕೇಳಿದರೆ ಬೇಡ ಎನ್ನಲು ಜನರಿಗೆ ಮುಜುಗರ.

ಜಾಗವನ್ನೇ ಹೇಳದಿದ್ರೆ ದಾಖಲೆಗೆ ಬೆಲೆ ಏನು?

ಈ ಪ್ರಶ್ನೆ ಕೇಳುವವರು ನನಗೆ ಇಷ್ಟ. ಜಾಗವನ್ನು ಪೂರ್ತಿ ಮುಚ್ಚಬೇಕಿಲ್ಲ, ಮಸುಕು ಮಾಡಿದರೆ ಸಾಕು. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ದಶಮಾಂಶದ ನಂತರ ನಾಲ್ಕು ಅಂಕಿ ಕೊಟ್ಟರೆ ಸುಮಾರು 11 ಮೀಟರ್‌ವರೆಗೆ, ಅಂದರೆ ನಿಮ್ಮ ಅಂಗಳಕ್ಕೇ ಬಂದು ನಿಂತಂತೆ. ಎರಡು ಅಂಕಿ ಕೊಟ್ಟರೆ ಒಂದು ಕಿಲೋಮೀಟರ್ ಚಿಲ್ಲರೆ. ಒಂದೇ ಅಂಕಿಯಾದರೆ 11 ಕಿಲೋಮೀಟರ್. ಯಾವ ಚಿಟ್ಟೆ ಯಾವ ಭಾಗದಲ್ಲಿದೆ ಎಂದು ತಿಳಿಯಲು ಬಹಳ ಸಲ ಎರಡು ಅಂಕಿ ಸಾಕು.

ಜನ ತಾವು ಕಂಡ ಗಿಡ, ಪ್ರಾಣಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣ ಇದನ್ನೇ ಮಾಡುತ್ತದೆ. ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಅದು ತಾನಾಗಿಯೇ ಮಸುಕು ಮಾಡಿ, 0.2 ಡಿಗ್ರಿ ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ತೋರಿಸುತ್ತದೆ. ಭೂಮಧ್ಯರೇಖೆಯ ಹತ್ತಿರ ಅದು ಸುಮಾರು 22 ಕಿಲೋಮೀಟರ್ ಚೌಕ. ಸದಸ್ಯರು ತಮ್ಮ ಮನೆಯ ತೋಟದ ದಾಖಲೆಗೂ ಇದೇ ಮಸುಕನ್ನು ಆರಿಸಿಕೊಳ್ಳಬಹುದು. ಬೇಟೆಗಾರನಿಂದ ಗೂಡನ್ನು ಕಾಯುವ ಉಪಾಯವೇ ಅಪರಿಚಿತನಿಂದ ಮನೆಯನ್ನೂ ಕಾಯುತ್ತದೆ. ನನಗೆ ಇದು ಬಹಳ ಸೊಗಸಾಗಿ ಕಾಣುತ್ತದೆ.

ಹೊತ್ತನ್ನೂ ಮಸುಕು ಮಾಡಬಹುದು. ಗೂಡಿನ ಫೋಟೋ ಮರಿಗಳು ಹಾರಿಹೋದ ಮೇಲೆ ಹಾಕಿ. ಪ್ರವಾಸದ ಫೋಟೋ ಮನೆಗೆ ಬಂದ ಮೇಲೆ ಹಾಕಿ.

ವಾಟ್ಸಾಪ್ ಗ್ರೂಪಲ್ಲಿ ಎಲ್ಲರಿಗೂ ಎಲ್ಲರ ನಂಬರ್ ಕಾಣುತ್ತೆ. ಏನ್ ಮಾಡೋದು?

ಇದು ನಿಜವಾದ ತೊಂದರೆ. ಒಂದು ಗ್ರೂಪಿನಲ್ಲಿ 1024 ಜನ ಇರಬಹುದು. ಅಷ್ಟೂ ಜನಕ್ಕೆ ನಂಬರ್ ಕೊಟ್ಟಂತೆ. ಗ್ರೂಪಿಗೆ ಸೇರಿದ ವಾರದಲ್ಲೇ "ಹಾಯ್, ನಿಮ್ಮ ಫೋಟೋ ಚೆನ್ನಾಗಿದೆ" ಎಂಬ ಬೇಡದ ಮೆಸೇಜು ಬಂದು, ಸುಮ್ನೆ ಗ್ರೂಪು ಬಿಟ್ಟುಹೋದ ಮಹಿಳೆಯರನ್ನು ನಾನು ಬಲ್ಲೆ. ಅವರು ಕಾರಣ ಹೇಳಿ ಹೋಗುವುದಿಲ್ಲ. ಹಾಗಾಗಿ ಅಡ್ಮಿನ್‌ಗಳಿಗೆ ತೊಂದರೆ ಇದೆ ಅಂತಲೇ ಗೊತ್ತಾಗುವುದಿಲ್ಲ.

ಐವತ್ತು ಜನ ಮುಖ ಪರಿಚಯ ಇರುವವರಾದರೆ ವಾಟ್ಸಾಪ್ ಸಾಕು. ಅದಕ್ಕಿಂತ ದೊಡ್ಡದಾದರೆ ನಂಬರ್ ಮುಚ್ಚಿಡಬಹುದಾದ ಕಡೆ ಹೋಗಿ. ಟೆಲಿಗ್ರಾಮ್‌ನಲ್ಲಿ ನಂಬರ್ ಯಾರಿಗೂ ಕಾಣದಂತೆ ಮಾಡಿ, ಯೂಸರ್‌ನೇಮ್ ಮೂಲಕ ಇರಬಹುದು. ಸಿಗ್ನಲ್‌ನಲ್ಲೂ 2024ರಿಂದ ಯೂಸರ್‌ನೇಮ್ ಬಂದಿದೆ. ವಾಟ್ಸಾಪೇ ಬೇಕು ಎಂದರೆ ಒಂದು ನಿಯಮ ಗಟ್ಟಿಯಾಗಿ ಬರೆದಿಡಿ: ಗ್ರೂಪಿನಿಂದ ನಂಬರ್ ತೆಗೆದುಕೊಂಡು ಕೇಳದೆ ಮೆಸೇಜು ಮಾಡಿದರೆ, ಎರಡನೇ ಮಾತಿಲ್ಲದೆ ಹೊರಗೆ. ದೂರು ಕೊಟ್ಟವರ ಹೆಸರನ್ನು ಗ್ರೂಪಿನಲ್ಲಿ ಹೇಳಬೇಡಿ.

ನಮ್ಮದು ಪ್ರೈವೇಟ್ ಗ್ರೂಪು. ಅಷ್ಟು ಸಾಲದಾ?

ಎಂಟುನೂರು ಜನ ಇರುವ ಕೋಣೆಯಲ್ಲಿ ಹೇಳಿದ್ದು ಗುಟ್ಟಾಗಿ ಉಳಿಯುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆಯಲು ಒಂದು ಕ್ಷಣ ಸಾಕು. ಬಾಗಿಲೂ ಗಟ್ಟಿಯಿರುವುದಿಲ್ಲ. 2020ರ ಫೆಬ್ರವರಿಯಲ್ಲಿ ಖಾಸಗಿ ವಾಟ್ಸಾಪ್ ಗ್ರೂಪುಗಳ ಆಹ್ವಾನದ ಲಿಂಕುಗಳು ಗೂಗಲ್ ಹುಡುಕಾಟದಲ್ಲೇ ಸಿಗುತ್ತಿದ್ದವು. ಯಾರೋ ಎಲ್ಲೋ ತೆರೆದ ಜಾಗದಲ್ಲಿ ಲಿಂಕ್ ಹಾಕಿದ್ದರು, ಅಷ್ಟೇ. ಲಿಂಕನ್ನು ಆಗಾಗ ರೀಸೆಟ್ ಮಾಡಿ, ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲೆ ಮಾತ್ರ ಒಳಗೆ ಬಿಡಿ. ಹೊಸ ಸದಸ್ಯರಿಗೆ ಮೊದಲ ದಿನವೇ ನೇರವಾಗಿ ಹೇಳಿ: ಇಲ್ಲಿ ಬರೆದದ್ದು ಹೊರಗೆ ಹೋಗಬಾರದು ಎಂಬುದು ನಮ್ಮ ಒಪ್ಪಂದ, ಹೋಗುವುದೇ ಇಲ್ಲ ಎಂಬ ಭರವಸೆ ನಾವು ಕೊಡಲಾರೆವು.

ಎಲ್ಲರಿಗೂ ಕಾಣಲಿ, ಗೂಗಲ್‌ನಲ್ಲಿ ಮಾತ್ರ ಬರದಿರಲಿ. ಆಗುತ್ತಾ?

ಸ್ವಲ್ಪ ಮಟ್ಟಿಗೆ. 1994ರಿಂದ ರೋಬಾಟ್ಸ್.ಟಿಎಕ್ಸ್‌ಟಿ ಎಂಬ ಚಿಕ್ಕ ಫೈಲಿನ ರೂಢಿ ಇದೆ. ಹುಡುಕಾಟದ ಯಂತ್ರಗಳಿಗೆ "ಇಲ್ಲಿ ಬರಬೇಡಿ" ಎಂದು ಹೇಳುವ ಫಲಕ ಅದು. ಮರ್ಯಾದಸ್ಥರು ಕೇಳುತ್ತಾರೆ, ಉಳಿದವರು ನುಗ್ಗುತ್ತಾರೆ. ಈಗ ಎಐಗೆ ಪಠ್ಯ ಕೂಡಿಹಾಕುವ ಯಂತ್ರಗಳೂ ಓಡಾಡುತ್ತಿವೆ. 1996ರಿಂದ ಅಂತರ್ಜಾಲದ ನಕಲು ಉಳಿಸುತ್ತಿರುವ ಇಂಟರ್‌ನೆಟ್ ಆರ್ಕೈವ್‌ನಲ್ಲಿ ನೀವು ಅಳಿಸಿದ್ದರ ಹಳೆಯ ಪ್ರತಿ ಇರಬಹುದು. ಮನುಷ್ಯರಿಗಷ್ಟೇ ಕಾಣಬೇಕು ಎಂದರೆ ಲಾಗಿನ್ ಇಡಲೇಬೇಕು.

ಹಳೆಯ ಮುಚ್ಚಿದ ಮಾತುಕತೆಯನ್ನು ಈಗ ಎಲ್ಲರಿಗೂ ತೆರೆಯಬೇಕು ಅಂತಿದ್ದೇವೆ. ತಪ್ಪಾ?

ಕೇಳದೆ ತೆರೆದರೆ ತಪ್ಪು. ನಾನು ಹಿಂದೆ ಇದ್ದ ಒಂದು ಬಳಗದಲ್ಲಿ ಹೀಗಾಯಿತು. ಒಂದು ರಾತ್ರಿ ಸೆಟ್ಟಿಂಗ್ ಬದಲಾಯಿತು, ಆರು ವರ್ಷದ ಮಾತುಗಳು ಎಲ್ಲರಿಗೂ ಕಾಣತೊಡಗಿದವು. ಅಡ್ಮಿನ್‌ಗಳ ಉದ್ದೇಶ ಒಳ್ಳೆಯದೇ. ಆದರೆ ಅಲ್ಲೊಬ್ಬರು ಕೆಲಸ ಹೋದ ದಿನಗಳಲ್ಲಿ ಈ ಹವ್ಯಾಸವೇ ತಮ್ಮನ್ನು ಉಳಿಸಿತು ಎಂದು ಮನಬಿಚ್ಚಿ ಬರೆದಿದ್ದರು. ಹೊಸ ಕೆಲಸದ ಸಂದರ್ಶನದಲ್ಲಿ ಆ ಮಾತು ಅವರೆದುರು ಬಂತು. ಅವರು ಮತ್ತೆಂದೂ ಬಳಗಕ್ಕೆ ಬರಲಿಲ್ಲ. ನಾನೂ ಆಗ ಸುಮ್ಮನಿದ್ದೆ. ಅದು ಇವತ್ತಿಗೂ ನೋಯಿಸುತ್ತದೆ.

ಹೆಲೆನ್ ನಿಸೆನ್‌ಬಾಮ್ ಎಂಬ ಚಿಂತಕಿ 2004ರಿಂದ ಹೇಳುತ್ತಾ ಬಂದ ವಿಚಾರ ಇಲ್ಲಿ ಸಹಾಯಕ್ಕೆ ಬರುತ್ತದೆ. ಒಂದು ಮಾಹಿತಿ ಯಾವ ಸಂದರ್ಭದಲ್ಲಿ, ಯಾರನ್ನು ನಂಬಿ ಹೊರಬಂತೋ ಆ ಸಂದರ್ಭದ ರೀತಿನೀತಿಯಂತೆ ಹರಿದರೆ ಖಾಸಗಿತನ ಉಳಿದಂತೆ. ವೈದ್ಯರಿಗೆ ಹೇಳಿದ್ದು ಸಂತೆಗೆ ಬರಬಾರದು. ಬಳಗವನ್ನು ನಂಬಿ ಹೇಳಿದ್ದೂ ಹಾಗೇ.

ತೆರೆಯಲೇಬೇಕು ಎಂದರೆ ಇಂದಿನಿಂದ ಮುಂದಿನದನ್ನು ತೆರೆಯಿರಿ. ಹಳೆಯದರಲ್ಲಿ ಬರೆದವರು ಒಪ್ಪಿದ್ದನ್ನು ಮಾತ್ರ ತೆಗೆದಿಡಿ. ಉತ್ತರ ಬಾರದಿದ್ದರೆ ಒಪ್ಪಿಗೆ ಇಲ್ಲ ಅಂತಲೇ ಲೆಕ್ಕ. ತೀರಿಹೋದ ಸದಸ್ಯರ ಮಾತುಗಳಿದ್ದರೆ ಮನೆಯವರನ್ನು ಕೇಳಿ.

ಬಿಟ್ಟು ಹೋಗುವವರು "ನನ್ನದೆಲ್ಲ ಅಳಿಸಿ" ಅಂತಾರೆ. ಅಳಿಸಿದರೆ ಚರ್ಚೆಯೇ ಹರಿದುಹೋಗುತ್ತೆ.

ನನಗೆ ಬಹಳ ಕಷ್ಟವಾಗುವ ಪ್ರಶ್ನೆ ಇದು. ನೂರು ಉತ್ತರ ಬರೆದವರು ಹೋದರೆ ಉಳಿದವರ ಪ್ರಶ್ನೆಗಳು ಅನಾಥವಾಗುತ್ತವೆ. ಆದರೂ ಮಾತು ಅವರದ್ದು. ನಾವು ಮೊದಲು ಕೇಳುವುದು: "ಹೆಸರು, ಫೋಟೋ, ಪ್ರೊಫೈಲ್ ತೆಗೆದು, ಉತ್ತರಗಳನ್ನು 'ಹಳೆಯ ಸದಸ್ಯ' ಎಂದು ಇಡಬಹುದೇ?" ಬಹಳ ಮಂದಿ ಒಪ್ಪುತ್ತಾರೆ. ಅವರಿಗೆ ಬೇಕಾದದ್ದು ಹೆಸರು ಹೋಗುವುದು, ಚಿಟ್ಟೆಯ ವಿವರ ಇದ್ದರೆ ಏನೂ ಬೇಸರವಿಲ್ಲ. ಒಪ್ಪದಿದ್ದರೆ ಅಳಿಸುತ್ತೇವೆ. ಬೇರೆಯವರು ಅವರ ಮಾತನ್ನು ಉದ್ಧರಿಸಿದ ಕಡೆಯೂ ಹುಡುಕಿ ಹೆಸರು ತೆಗೆಯಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಅಡ್ಮಿನ್‌ಗಳ ಬಳಿ ಇರುವ ಸೇರ್ಪಡೆ ಪಟ್ಟಿಯಿಂದಲೂ ತೆಗೆಯಬೇಕು.

ಇದು ಬರೀ ಹವ್ಯಾಸ. ಕಾನೂನು ನಮಗೂ ಅನ್ವಯಿಸುತ್ತಾ?

ದೇಶ ದೇಶಕ್ಕೆ ಬೇರೆ. 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಜಿಡಿಪಿಆರ್, ಅಂದರೆ ಜನರ ಖಾಸಗಿ ಮಾಹಿತಿ ಕಾಯುವ ಕಾನೂನು, ಮನೆಮಟ್ಟಿನ ಬಳಕೆಗೆ ವಿನಾಯಿತಿ ಕೊಡುತ್ತದೆ. ಆದರೆ ಎಲ್ಲರಿಗೂ ಕಾಣುವಂತೆ ಹಾಕಿದರೆ ಅದು ಮನೆಮಟ್ಟಿನದಲ್ಲ. ಇದು ಅದಕ್ಕೂ ಹಿಂದೆ, 2003ರಲ್ಲೇ ಅಲ್ಲಿನ ನ್ಯಾಯಾಲಯ ಹೇಳಿದ ಮಾತು. ಸ್ವೀಡನ್ನಿನಲ್ಲಿ ಚರ್ಚಿನ ಸ್ವಯಂಸೇವಕಿಯೊಬ್ಬರು ಜೊತೆಯವರ ಪರಿಚಯ ಬರೆದು ಅಂತರ್ಜಾಲದಲ್ಲಿ ಹಾಕಿದ್ದರು. ಒಬ್ಬರ ಕಾಲಿಗೆ ಪೆಟ್ಟಾಗಿದೆ ಎಂಬ ಮಾತೂ ಅದರಲ್ಲಿತ್ತು. ಪ್ರೀತಿಯಿಂದ ಬರೆದದ್ದೇ ಇರಬಹುದು, ಕಾನೂನಿನ ವ್ಯಾಪ್ತಿಗೆ ಬಂತು.

ಮಕ್ಕಳು ಸೇರಬಹುದಾ?

ಸೇರಲಿ, ದೊಡ್ಡವರ ಖಾತೆಯ ಮೂಲಕ. ಮಗು ಅಂದರೆ ಎಷ್ಟು ವಯಸ್ಸು ಎಂಬುದರಲ್ಲಿ ಕಾನೂನುಗಳು ಒಂದಾಗಿಲ್ಲ. ಅಮೆರಿಕದಲ್ಲಿ 13ಕ್ಕಿಂತ ಕೆಳಗೆ, ಯುರೋಪಿನಲ್ಲಿ ದೇಶಕ್ಕೆ ತಕ್ಕಂತೆ 13ರಿಂದ 16, ಭಾರತದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಯಲ್ಲಿ 18ಕ್ಕಿಂತ ಕೆಳಗೆ. ನಾವು 18 ಇಟ್ಟುಕೊಂಡಿದ್ದೇವೆ. ಮಗು ತೆಗೆದ ಚಿತ್ರ ಹೊರಗೆ ಇರಲಿ, ಮಗುವಿನ ಮುಖ, ಶಾಲೆ, ಪೂರ್ತಿ ಹೆಸರು ಬೇಡ.

ಸೇರುವಾಗ ಸದಸ್ಯರಿಂದ ಏನೇನು ಕೇಳಬಹುದು?

ಕರೆಯಲು ಒಂದು ಹೆಸರು, ತಲುಪಲು ಒಂದು ದಾರಿ. ಅಷ್ಟೇ. ಹುಟ್ಟಿದ ದಿನ, ವಿಳಾಸ, ಉದ್ಯೋಗ ಯಾಕೆ ಬೇಕು? "ಇರಲಿ, ಮುಂದೆ ಬೇಕಾಗಬಹುದು" ಎಂದು ಕೂಡಿಟ್ಟ ಪಟ್ಟಿಯೇ ಮುಂದೆ ಸೋರುವುದು. ಭೇಟಿಗೆ ಬರುವವರ ತುರ್ತು ನಂಬರ್ ತೆಗೆದುಕೊಂಡಿದ್ದರೆ, ಭೇಟಿ ಮುಗಿದ ವಾರದಲ್ಲಿ ಆ ಹಾಳೆ ಅಳಿಸಿ. ಯಾರ ಕೈಯಲ್ಲಿ ಪಟ್ಟಿ ಇದೆ ಎಂಬುದು ಸದಸ್ಯರಿಗೆ ಗೊತ್ತಿರಲಿ. ಅಡ್ಮಿನ್ ಕೆಲಸ ಬಿಟ್ಟವರ ಪಾಸ್‌ವರ್ಡ್ ಅದೇ ದಿನ ಬದಲಾಗಲಿ.

ಆಗಲೇ ಏನೋ ಹೊರಗೆ ಹೋಗಿಬಿಟ್ಟಿದೆ. ಈಗೇನು ಮಾಡೋದು?

ಮೊದಲು ನಿಮ್ಮ ಕಡೆ ಇರುವುದನ್ನು ತೆಗೆಯಿರಿ. ಯಾರದ್ದು ಹೋಯಿತೋ ಅವರಿಗೆ ಕೂಡಲೇ ಹೇಳಿ. ಬೇರೆಯವರಿಂದ ತಿಳಿಯುವುದಕ್ಕಿಂತ ನಿಮ್ಮಿಂದ ತಿಳಿಯಲಿ. ಗೂಗಲ್‌ಗೆ, ನಕಲು ಇಟ್ಟುಕೊಂಡ ಜಾಗಗಳಿಗೆ ತೆಗೆಯಲು ಮನವಿ ಕಳಿಸಿ. ಗ್ರೂಪಿನಲ್ಲಿ "ಇದನ್ನು ಯಾರೂ ಹಂಚಬೇಡಿ" ಎಂದು ಅದೇ ಚಿತ್ರವನ್ನು ಮತ್ತೆ ಹಾಕಬೇಡಿ, ಗಾಬರಿಯಲ್ಲಿ ಇದು ಎಷ್ಟೋ ಸಲ ಆಗಿದೆ. ಬೆದರಿಕೆ ಇದ್ದರೆ ಅಳಿಸುವ ಮುಂಚೆ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪೊಲೀಸರ ಬಳಿ ಹೋಗಿ, ಜೊತೆಗೆ ಬಳಗದಿಂದ ಒಬ್ಬರು ಹೋಗಲಿ. ಒಂದು ವಾರ ಆದಮೇಲೆ ಆ ಸದಸ್ಯರಿಗೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿ.